‘ಓವರ್‌ರೇಟೆಡ್’ ಸಿನಿಮಾಕ್ಕೆ ಕನ್ನಡದಲ್ಲಿ ಏನಂತೀರಿ? ‘ಹೊನ್ನಶೂಲ’ ನಡೆಯುತ್ತಾ?

ಗೆಳೆಯರೇ, ಒಂದು ಪದ ಬೇಕಾಗಿದೆ. ಒಂದು ಹಳೆಯ ಪದದ ಅರ್ಥದ ಬಗ್ಗೆ ಅನುಮಾನವೂ ಇದೆ. ಎರಡೂ ಒಂದೇ ಮಾತಿನಿಂದ ಹುಟ್ಟಿದ್ದು, ಹಾಗಾಗಿ ಸೇರಿಸಿಯೇ ಬರೆಯುತ್ತಿದ್ದೇನೆ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಕಳೆದ ಭಾನುವಾರ ವಿಜಯಪುರಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು, ಟಿವಿಯಲ್ಲಿ ‘ಶೋಲೆ’ ಬರುತ್ತಿತ್ತು. ತಂಗಿಯ ಮಗಳು ಬಿ.ಎ. ಓದುತ್ತಿದ್ದಾಳೆ, ಸಿನಿಮಾ ಹುಚ್ಚು ಜಾಸ್ತಿ. "ಇದು ಭಾಳ ಓವರ್‌ರೇಟೆಡ್ ಪಿಕ್ಚರ್" ಅಂದಳು. ನಮ್ಮ ಸೋದರಮಾವ ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಮೂವತ್ತು ವರ್ಷ ಒಣದ್ರಾಕ್ಷಿ ವ್ಯಾಪಾರ ಮಾಡಿದವರು. ತಲೆ ಎತ್ತಿ ಕೇಳಿದರು: "ಯಾಕವಾ, ಟಿಕೆಟ್ ರೇಟ್ ಜಾಸ್ತಿ ಇತ್ತೇನು?"

ಎಲ್ಲರೂ ನಕ್ಕರು. ನನಗೆ ಮಾತ್ರ ಅವರು ಕೇಳಿದ್ದು ಸರಿಯಾಗೇ ಇದೆ ಅನ್ನಿಸಿತು. ರೇಟ್ ಅಂದರೆ ದರ ತಾನೇ? ಇಂಗ್ಲಿಷ್ ಪದದ ಒಳಗೆ ಇರುವುದೂ ಅದೇ, ಬೆಲೆ ಕಟ್ಟುವುದು. ಹುಡುಗಿ ವಿವರಿಸಿದ ಮೇಲೆ ಮಾಮಾ, "ಅಂದ್ರ ಮಾಲಿಗಿಂತ ದರಾ ಜಾಸ್ತಿ ಅಂತೀ. ಅದನ್ನ ಕನ್ನಡದಾಗ ಒಂದ ಮಾತಿನಾಗ ಹೇಳು ನೋಡೋಣ" ಅಂದರು. ಅವಳು ನನ್ನ ಮುಖ ನೋಡಿದಳು. ದಿನವಿಡೀ ಕನ್ನಡದಲ್ಲೇ ಬರೆಯುವ ನನಗೂ ಒಂದು ಪದ ಹೊಳೆಯಲಿಲ್ಲ. ಒಂದು ವಾರದಿಂದ ಅದೇ ತಲೆಯಲ್ಲಿ ಕೂತಿದೆ.

ಇದರ ಉಲ್ಟಾ ಪದ ನಮ್ಮಲ್ಲಿ ಎಷ್ಟು ಚೆಂದ ಇದೆ ನೋಡಿ. ಒಳ್ಳೆಯದಾಗಿದ್ದೂ ಹೆಸರು ಬರದಿದ್ದರೆ ‘ಎಲೆಮರೆಯ ಕಾಯಿ’ ಅನ್ನುತ್ತೇವೆ. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇರುವುದಕ್ಕಿಂತ ಜಾಸ್ತಿ ಹೆಸರು ಪಡೆದದ್ದಕ್ಕೆ ಏನನ್ನುತ್ತೇವೆ?

ಹುಡುಕಿದೆ. ಮೊದಲು ಸಿಕ್ಕಿದ್ದು ‘ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ’ ಅನ್ನುವ ಗಾದೆ. ಅದು ಇಲ್ಲಿ ಹೊಂದುವುದಿಲ್ಲ. ಒಳಗೆ ಏನೂ ಇಲ್ಲ ಅನ್ನುತ್ತದೆ ಆ ಗಾದೆ. ‘ಶೋಲೆ’ಯಲ್ಲಿ ಏನೂ ಇಲ್ಲ ಅಂತ ನಮ್ಮ ಹುಡುಗಿ ಅನ್ನಲಿಲ್ಲ, ಜನ ಹೇಳುವಷ್ಟು ಇಲ್ಲ ಅಂದಳು. ‘ಬಿಲ್ಡಪ್’ ನಮ್ಮ ಬಾಯಲ್ಲಿ ಚೆನ್ನಾಗಿ ಪಳಗಿದೆ, ಆದರೆ ಬಿಲ್ಡಪ್ ಕೊಡುವವನು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳುವವನು. ‘ಹವಾ’ ಸಿನಿಮಾ ಬಿಡುಗಡೆಯಾಗುವ ಮೊದಲು ಎದ್ದು, ಎರಡು ವಾರದಲ್ಲಿ ಇಳಿಯುವಂಥದ್ದು. ಐವತ್ತು ವರ್ಷದ ಹೊಗಳಿಕೆಗೆ ಹವಾ ಅನ್ನಲು ಆಗುತ್ತಾ? ‘ಅತಿರಂಜಿತ’ ಸುದ್ದಿಗೆ ಸರಿ, ಸಿನಿಮಾಕ್ಕಲ್ಲ. ‘ಅತಿಮೌಲ್ಯಮಾಪನ’ ಅಂತ ಒಬ್ಬರು ಸೂಚಿಸಿದರು. ಕೇಳಿದ ಕೂಡಲೇ ಹತ್ತನೇ ತರಗತಿಯ ಉತ್ತರಪತ್ರಿಕೆ ಕಣ್ಣ ಮುಂದೆ ಬಂತು, ಅಲ್ಲಿಗೇ ಬಿಟ್ಟೆ.

ಬೆಳಗಾವಿಯ ಶಹಾಪುರದಲ್ಲಿ ಮರಾಠಿ ಮನೆಮಾತಿನ ಗೆಳೆಯನೊಬ್ಬನಿದ್ದಾನೆ, ಅವನಿಗೆ ಫೋನ್ ಮಾಡಿದೆ. ಹರಭರಾ ಗಿಡಕ್ಕೆ ಹತ್ತಿಸುವುದು ಅಂತ ಮರಾಠಿಯಲ್ಲಿ ಒಂದು ಮಾತಿದೆ ಅಂದ. ಹರಭರಾ ಅಂದರೆ ಕಡಲೆ. ಹೊಗಳಿ ಹೊಗಳಿ ಮನುಷ್ಯನನ್ನು ಕಡಲೆ ಗಿಡದ ಮೇಲೆ ಹತ್ತಿಸುವುದು. ನಮ್ಮ ಎರೆ ಹೊಲಗಳಲ್ಲಿ ಕಡಲೆ ನೋಡಿದವರಿಗೆ ಗೊತ್ತು, ಆ ಗಿಡ ಮೊಣಕಾಲ ಮೇಲೆ ಬರುವುದೇ ಅಪರೂಪ. ಹತ್ತಿದವನ ಗತಿ ಏನು! ನನಗೆ ಬಹಳ ಹಿಡಿಸಿತು. ಆದರೆ ಅದು ಎದುರಿಗಿರುವ ಮನುಷ್ಯನನ್ನು ಉಬ್ಬಿಸಿ ಕೆಲಸ ಮಾಡಿಸಿಕೊಳ್ಳುವ ಮಾತು. ಸಿನಿಮಾದಿಂದ ನಾವು ಯಾವ ಕೆಲಸ ಮಾಡಿಸಿಕೊಳ್ಳಬೇಕು?

ಹೀಗೆ ಒಂದೊಂದಾಗಿ ಬಿಡುತ್ತ ಬಂದಾಗ ಒಂದು ವಿಷಯ ತಿಳಿಯಿತು. ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿದ್ದನ್ನು ನಾವು ಬೇರೆ ಬೇರೆ ಮಾತಿನಲ್ಲಿ ಹೇಳುತ್ತೇವೆ. ಮನ್ನಣೆ ಬೇರೆ, ಮೆಚ್ಚುಗೆ ಬೇರೆ, ಹೊಗಳಿಕೆ ಬೇರೆ, ಹೆಸರು ಬೇರೆ. ಮನ್ನಣೆ ಕೊಡುವವರು ತಿಳಿದವರು, ದೊಡ್ಡವರು, ಪ್ರಶಸ್ತಿಯವರು. ಮೆಚ್ಚುಗೆ ನೋಡಿದವನ ಮನಸ್ಸಿನಲ್ಲಿ ಹುಟ್ಟುವುದು. ‘ಆ ಸಿನಿಮಾಕ್ಕೆ ಮನ್ನಣೆ ಜಾಸ್ತಿ ಆಯಿತು’ ಅಂದರೆ ಕಿವಿಗೆ ಸರಿ ಕೇಳುತ್ತದೆ. ‘ಹೊಗಳಿಕೆ ಅತಿಯಾಯಿತು’ ಅಂದರೂ ಸರಿ. ‘ನಿಮ್ಮ ಮೆಚ್ಚುಗೆ ಜಾಸ್ತಿ ಆಯಿತು’ ಅಂತ ಯಾರಿಗಾದರೂ ಹೇಳಿ ನೋಡಿ, ಮಾತು ಕೂರುವುದೇ ಇಲ್ಲ. ಒಬ್ಬರಿಗೆ ಹಿಡಿಸಿದ್ದನ್ನು ಜಾಸ್ತಿ ಹಿಡಿಸಿತು ಅಂತ ಅಳೆಯುವುದು ಯಾವ ತಕ್ಕಡಿಯಲ್ಲಿ?

ಮಾಮಾಗೂ ಹುಡುಗಿಗೂ ಜಗಳ ಹತ್ತಿದ್ದು ಸರಿಯಾಗಿ ಇಲ್ಲೇ. ‘ಶೋಲೆ’ ಬಂದದ್ದು 1975ರ ಆಗಸ್ಟ್ 15ಕ್ಕೆ. ಮೊದಮೊದಲು ವಿಮರ್ಶಕರು ಅದನ್ನು ಎತ್ತಿಹಿಡಿಯಲಿಲ್ಲ. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಪ್ರಶಸ್ತಿ, ಸಂಕಲನಕ್ಕೆ. ಅದೇ ಫಿಲ್ಮ್‌ಫೇರ್ 2005ರಲ್ಲಿ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಅಂತ ಅದನ್ನೇ ಆರಿಸಿತು. ಹುಡುಗಿ ಕೇಳಿ ಬೆಳೆದದ್ದು ಈ ಎರಡನೆಯ ಮನ್ನಣೆಯನ್ನು. ಡಕಾಯಿತರಿಂದ ಹಳ್ಳಿ ಕಾಯುವ ಕಥೆಯ ಜಪಾನಿ ಚಿತ್ರ ‘ಸೆವೆನ್ ಸಮುರಾಯ್’ ನೋಡಿದ ಮೇಲೆ ಅವಳಿಗೆ ‘ಶೋಲೆ’ಯ ಕಥೆ ಹೊಸದು ಅನ್ನಿಸಲಿಲ್ಲ, ಉದ್ದ ಅನ್ನಿಸಿತು. ಮಾಮಾನ ಕಥೆಯೇ ಬೇರೆ. ಆಗ ‘ಶೋಲೆ’ಯ ಸಂಭಾಷಣೆಗಳದ್ದೇ ರೆಕಾರ್ಡ್ ಬಂದಿತ್ತು. ಊರಲ್ಲಿ ಮದುವೆ ಅಂದರೆ ಬೇವಿನ ಗಿಡಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ಅದನ್ನೇ ಹಾಕುತ್ತಿದ್ದರಂತೆ. ಪಿಕ್ಚರ್ ನೋಡುವ ಮೊದಲೇ ಅವರಿಗೆ ಅರ್ಧ ಬಾಯಿಪಾಠ, ಅದೂ ಹಿಂದಿ ಸರಿಯಾಗಿ ಬಾರದ ವಯಸ್ಸಿನಲ್ಲಿ. "ನನಗ ಯಾರೂ ಹೇಳಿಕೊಟ್ಟಿಲ್ಲವಾ ಇದು ಚಲೋ ಐತಿ ಅಂತ" ಅಂದರು. ಅವರದು ಮೆಚ್ಚುಗೆ, ಅವಳು ಪ್ರಶ್ನೆ ಮಾಡಿದ್ದು ಮನ್ನಣೆಯನ್ನು. ಒಂದೇ ಇಂಗ್ಲಿಷ್ ಪದ ಎರಡಕ್ಕೂ ತಗುಲಿತು, ಮಾಮಾಗೆ ನೋವಾಯಿತು.

ಈಗ ನಾನು ಹಿಡಿದಿರುವ ಪದಕ್ಕೆ ಬರುತ್ತೇನೆ. ಹೊನ್ನಶೂಲ. ಕೊಲ್ಲಲು ಏರಿಸುವ ಚೂಪು ಶೂಲವೇ, ಆದರೆ ಚಿನ್ನದ್ದು.

‘ಎನ್ನವರೊಲಿದು ಹೊನ್ನಶೂಲದಲಿಕ್ಕಿದರೆನ್ನ ಹೊಗಳಿ ಹೊಗಳಿ’ ಅನ್ನುತ್ತಾರೆ ಬಸವಣ್ಣ. ಅವರು ಹುಟ್ಟಿದ ಬಾಗೇವಾಡಿ ತಂಗಿಯ ಜಿಲ್ಲೆಯಲ್ಲಿದೆ, ಕೂಡಲಸಂಗಮ ನಮ್ಮ ಜಿಲ್ಲೆಯಲ್ಲಿ. 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಹಳಕಟ್ಟಿಯವರು ವಕೀಲಿಕೆ ಮಾಡಿದ್ದೂ ಇದೇ ವಿಜಯಪುರದಲ್ಲಿ. ಚಿಕ್ಕಂದಿನಿಂದ ಕೇಳಿದ ಸಾಲು, ಸಿನಿಮಾದ ಮಾತಿಗೆ ಬೇಕಾಗುತ್ತದೆ ಅಂತ ಎಂದೂ ಅನ್ನಿಸಿರಲಿಲ್ಲ. ಆ ಸಾಲನ್ನು ನಿಧಾನವಾಗಿ ಓದಿ. ಶೂಲಕ್ಕೆ ಏರಿಸಿದವರು ಯಾರು? ‘ಎನ್ನವರು’, ನನ್ನವರೇ. ಹೇಗೆ ಏರಿಸಿದರು? ‘ಒಲಿದು’. ಮುಂದೆ ಮನ್ನಣೆಯ ಮಾತೂ ಬರುತ್ತದೆ, ನಿಮ್ಮ ಮನ್ನಣೆಯೇ ಮಸೆದ ಅಲಗಾಗಿ ತಾಗಿತು ಅನ್ನುತ್ತಾರೆ. ಕೊನೆಗೆ ಸಂಗಮದೇವನಿಗೆ, ನೀನು ನನಗೆ ಒಳ್ಳೆಯವನಾದರೆ ನನ್ನ ಹೊಗಳಿಕೆಗೆ ಅಡ್ಡ ಬಾ ಅಂತ ಮೊರೆಯಿಡುತ್ತಾರೆ.

ನನಗೆ ಬೇಕಾದದ್ದೆಲ್ಲ ಇದರಲ್ಲಿದೆ. ‘ಓವರ್‌ರೇಟೆಡ್’ ಅಂದಾಗ ಬೈಗುಳ ಸಿನಿಮಾಕ್ಕೆ ತಗಲುತ್ತದೆ. ಯಾರು ಜಾಸ್ತಿ ಬೆಲೆ ಕಟ್ಟಿದರು ಅನ್ನುವುದು ಆ ಪದದಲ್ಲಿ ಕಾಣುವುದೇ ಇಲ್ಲ. ‘ಹೊನ್ನಶೂಲಕ್ಕೇರಿಸಿದರು’ ಅಂದರೆ ಏರಿಸಿದವರು ಎದುರಿಗೇ ಬಂದು ನಿಲ್ಲುತ್ತಾರೆ. ನೋವು ಮಾತ್ರ ಏರಿದವರದು.

ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನ ‘ಸೈಟ್ ಆಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 1962ರಿಂದ 2002ರವರೆಗೆ ಐದು ಸಲವೂ ಮೊದಲ ಸ್ಥಾನ ‘ಸಿಟಿಜನ್ ಕೇನ್’ದು. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಶಾಂತಾಲ್ ಅಕರ್‌ಮನ್ ಅವರ 1975ರ ‘ಜಾನ್ ದೀಲ್‌ಮನ್’. ಮೂರು ಗಂಟೆ ಇಪ್ಪತ್ತೊಂದು ನಿಮಿಷ, ಹೆಚ್ಚು ಹೊತ್ತು ಒಬ್ಬ ಹೆಂಗಸು ಮನೆಗೆಲಸ ಮಾಡುವುದೇ. ಮೊದಲ ಸ್ಥಾನ ಸಿಕ್ಕ ಕೂಡಲೇ ಅಷ್ಟು ದಿನ ಅದರ ಹೆಸರೂ ಕೇಳದವರು ನೋಡಿ, ಇದೇನು ಜಗತ್ತಿನ ನಂಬರ್ ಒಂದಾ ಅಂತ ಸಿಟ್ಟಾದರು.

ನಾನು ಅದನ್ನು ಮನೆಯಲ್ಲಿ ನೋಡುವಾಗ ಅವ್ವ ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳಿಗೆ ಆ ಭಾಷೆಯೂ ತಿಳಿಯದು, ಪಟ್ಟಿಯೂ ಗೊತ್ತಿಲ್ಲ. ಮೊದಲು ನಡುನಡುವೆ ಕಣ್ಣೆತ್ತಿ ನೋಡಿದಳು, ಆಮೇಲೆ ಮೊರದಲ್ಲಿ ಕೈ ಆಡಿಸುವುದನ್ನೇ ನಿಲ್ಲಿಸಿದಳು. ಎರಡನೆಯ ದಿನದ ಭಾಗದಲ್ಲಿ ಆ ಹೆಂಗಸು ಆಲೂಗಡ್ಡೆ ಜಾಸ್ತಿ ಬೇಯಿಸಿಬಿಡುತ್ತಾಳೆ, ಪಾತ್ರೆ ಹಿಡಿದು ಎಲ್ಲಿ ಇಡಲಿ ಅಂತ ತಿಳಿಯದೆ ಮನೆಯೊಳಗೆ ಓಡಾಡುತ್ತಾಳೆ. "ಆಕಿ ಮನಸ್ಸು ನೆಟ್ಟಗಿಲ್ಲ ಇವತ್ತ" ಅಂದಳು ಅವ್ವ. ಆ ಸಿನಿಮಾದ ಜೀವ ಇರುವುದು ಅಲ್ಲೇ. ನಂಬರ್ ಒಂದು ಅಂತ ಹೇಳಿ ಕೂರಿಸಿದ್ದರೆ ಅವಳೂ ದೊಡ್ಡದೇನೋ ಬರುತ್ತದೆ ಅಂತ ಕಾಯುತ್ತಿದ್ದಳು, ಆಲೂಗಡ್ಡೆ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಸಿನಿಮಾ ನನ್ನ ಲೆಕ್ಕದಲ್ಲಿ ದೊಡ್ಡದೇ. ಒಲಿದವರು ಅದನ್ನು ಶೂಲದ ಮೇಲೆ ಇಟ್ಟರು, ಅಷ್ಟೇ.

ನಮ್ಮ ‘ಬಂಗಾರದ ಮನುಷ್ಯ’ನ ವಿಷಯದಲ್ಲೂ ನನಗೆ ಹೀಗೇ ಅನ್ನಿಸುತ್ತದೆ. ಅದನ್ನು ನೋಡಿ ಪಟ್ಟಣ ಬಿಟ್ಟು ಒಕ್ಕಲುತನಕ್ಕೆ ಹೋದರು ಅನ್ನುವ ಮಾತನ್ನೇ 1972ರಿಂದ ಹೇಳುತ್ತ ಬಂದಿದ್ದೇವೆ. ಆದರೆ ಅದರ ನಾಯಕ ರಾಜೀವ ಅಷ್ಟೆಲ್ಲ ದುಡಿದು, ಕೊನೆಗೆ ತನ್ನವರ ಮಾತಿನಿಂದ ನೊಂದು, ಸುಮ್ನೆ ಮನೆ ಬಿಟ್ಟು ನಡೆಯುತ್ತಾನಲ್ಲ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೊಗಳಿಕೆ ಜಾಸ್ತಿಯಾಗಿ ಸಿನಿಮಾವೇ ಮರೆಯಾಗಿದೆ.

ಇನ್ನು ನನ್ನ ಅನುಮಾನ. ಈಗೀಗ ‘ಹೊಗಳಿ ಹೊನ್ನಶೂಲಕ್ಕೇರಿಸಿದರು’ ಅನ್ನುವುದನ್ನು ಸುಮ್ನೆ ‘ಬಹಳ ಹೊಗಳಿದರು’ ಅನ್ನುವ ಅರ್ಥದಲ್ಲೇ ಬಳಸುವುದನ್ನು ನೋಡುತ್ತಿದ್ದೇನೆ. ಸನ್ಮಾನದ ಭಾಷಣಗಳಲ್ಲಿ ಕೂಡ! ಹೊನ್ನು ಉಳಿದು ಶೂಲ ಕಳಚಿಹೋಗಿದೆ. ಹೊನ್ನಕಿರೀಟ ಅಂದ ಹಾಗೆ ಕೇಳುತ್ತದೆ ಜನಕ್ಕೆ. ತಂಗಿಯ ಮಗಳನ್ನೇ ಕೇಳಿದೆ, ಅವಳೂ ಅದು ಹೊಗಳಿಕೆಯ ಮಾತು ಅಂತಲೇ ತಿಳಿದಿದ್ದಳು. ಹಾಗಿದ್ದರೆ ನಾನು ‘ಹೊನ್ನಶೂಲದ ಸಿನಿಮಾ’ ಅಂತ ಬರೆದಾಗ ಓದುವವರು ಉಲ್ಟಾ ಅರ್ಥ ಮಾಡಿಕೊಳ್ಳುತ್ತಾರಾ? ನಿಮ್ಮ ಕಡೆ, ಅದರಲ್ಲೂ ಮೂವತ್ತರೊಳಗಿನವರು, ಈ ಮಾತನ್ನು ಹೇಗೆ ತಿಳಿಯುತ್ತಾರೆ? ಮನೆಯಲ್ಲಿ ಒಮ್ಮೆ ಕೇಳಿ ತಿಳಿಸಿ.

ರೂಪದ್ದೂ ಒಂದು ತೊಡಕಿದೆ. ‘ಹೊನ್ನಶೂಲಕ್ಕೇರಿದ’ ಅಂದರೆ ತಾನಾಗಿ ಏರಿದಂತೆ ಆಗುತ್ತದೆ, ‘ಏರಿಸಿದ’ ಅಂದರೆ ಸಿನಿಮಾವೇ ಯಾರನ್ನೋ ಏರಿಸಿದಂತೆ ಕೇಳುತ್ತದೆ. ಸದ್ಯಕ್ಕೆ ನನಗೆ ‘ಹೊನ್ನಶೂಲದ ಚಿತ್ರ’ವೇ ಸರಿ ಕಾಣುತ್ತಿದೆ. ಪಟ್ಟಿ, ಪ್ರಶಸ್ತಿಗಳ ಮಾತು ಬಂದಾಗ ‘ಅತಿಮನ್ನಣೆ’ ಅಂತ ಬರೆಯಬಹುದು, ಅದರಲ್ಲಿ ತೊಡಕಿಲ್ಲ, ಆದರೆ ನೋವೂ ಇಲ್ಲ. ಮಾಮಾನ ‘ಮಾಲಿಗಿಂತ ದರಾ ಜಾಸ್ತಿ’ಯನ್ನೂ ನಾನು ಕೈಬಿಟ್ಟಿಲ್ಲ. ಇಂಥ ವ್ಯಾಪಾರದ ಮಾತು ನಿಮ್ಮೂರಿನ ಸಂತೆಯಲ್ಲಿ, ಅಡತಿ ಅಂಗಡಿಯಲ್ಲಿ, ಸೀರೆ ಅಂಗಡಿಯಲ್ಲಿ ಒಂದೇ ಪದದಲ್ಲಿ ಇದ್ದರೆ ದಯವಿಟ್ಟು ಹೇಳಿ. ಇಳಕಲ್ಲು, ಗುಳೇದಗುಡ್ಡದ ಕಡೆಯವರು ಇದ್ದೀರಲ್ವಾ, ನಿಮ್ಮನ್ನೇ ಕೇಳುತ್ತಿದ್ದೇನೆ.

ಹುಡುಗಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದೇ ವಿಷಯದ ಮೇಲೆ ಲೇಖನ ಬರೆಯುತ್ತಿದ್ದಾಳೆ. ತಲೆಬರಹದ ಜಾಗ ಖಾಲಿ ಬಿಟ್ಟಿದ್ದಾಳೆ. ಕೊಡಲು ಇನ್ನೂ ಹದಿನೈದು ದಿನ ಇದೆ.