ಸಹಾಯ ಬೇಕು: ರಿಯೋಮೀಟರ್ ಗ್ರಾಫ್ ಓದಲು ಬರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವಳು, ಫಿಸಿಕ್ಸ್ ಎಂಎಸ್ಸಿ ಎರಡನೇ ವರ್ಷ. ಪ್ರಾಜೆಕ್ಟ್‌ಗೆ ಸಬ್‌ಸ್ಟಾರ್ಮ್ (ಭೂಮಿಯ ಕಾಂತಕ್ಷೇತ್ರದಲ್ಲಿ ಕೂಡಿಕೊಂಡ ಶಕ್ತಿ ಒಮ್ಮೆಲೇ ಬಿಡುಗಡೆಯಾಗುವುದು) ತಗೊಂಡಿದ್ದೇನೆ. ಆಗ ವೇಗದ ಎಲೆಕ್ಟ್ರಾನ್‌ಗಳು ಧ್ರುವದ ಕಡೆ ವಾತಾವರಣಕ್ಕೆ ಬಂದು ಬೀಳುತ್ತವೆ. ಸುಮಾರು 90 ಕಿ.ಮೀ. ಎತ್ತರದಲ್ಲಿ ಅಯಾನೀಕರಣ ಜಾಸ್ತಿಯಾಗಿ, ಆಕಾಶಗಂಗೆಯಿಂದ ಬರುವ ರೇಡಿಯೋ ಅಲೆ ಅಲ್ಲೇ ಹೀರಿಹೋಗುತ್ತದೆ. ರಿಯೋಮೀಟರ್ ಅಳೆಯುವುದು ಈ ಕೊರತೆಯನ್ನೇ. ನಮ್ಮ ಕರಾವಳಿಯಿಂದ ಇದು ಸಿಗುವುದಿಲ್ಲ. ಹಾಗಾಗಿ ಫಿನ್‌ಲ್ಯಾಂಡಿನ ಕಿಲ್ಪಿಸ್‌ಯಾರ್ವಿಯ 38.2 ಮೆಗಾಹರ್ಟ್ಸ್ ಡೇಟಾ ಇಟ್ಟುಕೊಂಡಿದ್ದೇನೆ.

ಕಷ್ಟ ಇರುವುದು ಶಾಂತ ದಿನದ ಗೆರೆ, ಅಂದರೆ ಇಂಥ ಗಲಾಟೆ ಇಲ್ಲದ ದಿನ ಎಷ್ಟು ರೇಡಿಯೋ ಅಲೆ ಬರುತ್ತದೆ ಎಂದು ತೋರಿಸುವ ಗೆರೆ, ಎಳೆಯುವುದರಲ್ಲಿ. ಮೊದಲು ಗಡಿಯಾರದ ಸಮಯಕ್ಕೆ ಸರಾಸರಿ ತೆಗೆದೆ, ಎಲ್ಲ ಕೆಟ್ಟಿತು. ಆಕಾಶಗಂಗೆ ತಲೆಯ ಮೇಲೆ ಬರುವುದು ನಕ್ಷತ್ರದ ದಿನದ ಲೆಕ್ಕದಲ್ಲಿ, ಅದು 23 ಗಂಟೆ 56 ನಿಮಿಷ ಅಲ್ವಾ, ದಿನಕ್ಕೆ 4 ನಿಮಿಷ ಜಾರಿ 15 ದಿನಕ್ಕೆ ಒಂದು ಗಂಟೆಯೇ ವ್ಯತ್ಯಾಸ! ಅದನ್ನು ಸರಿಮಾಡಿದೆ. ಆಮೇಲೆ ಪ್ರಿಂಟ್ ತೆಗೆದು ಜಗಲಿಯಲ್ಲಿ ಹರಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ನಡುರಾತ್ರಿಯ ಹತ್ತಿರ ಗೆರೆ ಧಡಕ್ಕನೆ ಕುಸಿಯುವುದು ಚೆಂದ ಕಾಣುತ್ತದೆ. ಆದರೆ ಕೆಲವು ಹಗಲು ಗೆರೆ ಶಾಂತ ದಿನಕ್ಕಿಂತ ಮೇಲೆ ಹೋಗಿದೆ. ಅದು ಸೂರ್ಯನ ರೇಡಿಯೋ ಸ್ಫೋಟವೋ, ಹತ್ತಿರದ ಯಾವುದೋ ಯಂತ್ರದ ಗದ್ದಲವೋ, ನನ್ನ ಲೆಕ್ಕದ ತಪ್ಪೋ?

ಇದನ್ನು ಬೇರ್ಪಡಿಸುವುದು ಹೇಗೆ ಎಂದು ಗೊತ್ತಿರುವವರು ದಯವಿಟ್ಟು ತಿಳಿಸಿ. ನನ್ನ ಪೈಥಾನ್ ಕೋಡ್ ಕಳಿಸುತ್ತೇನೆ. ಕಾರವಾರ, ಕುಮಟಾ ಕಡೆಯವರಾದರೆ ಲ್ಯಾಪ್‌ಟಾಪ್ ಹಿಡಿದು ನಾನೇ ಬಂದು ಭೇಟಿಯಾಗುತ್ತೇನೆ.