ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ

(ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪಿನ ತೊಂದರೆ ಕೇಳುವ ಗುಂಪು. ಉತ್ತರ ಕೊಡುವವರು ಬದಿಯಡ್ಕದಲ್ಲಿ ರಿಪೇರಿ ಅಂಗಡಿ ಇಟ್ಟವರು.)

ಕುಂಬಳೆಯ ಹುಡುಗ: ಅಣ್ಣ, ಹೊಸ ಪಿಸಿ ಜೋಡಿಸಿದೆ. ಫ್ಯಾನೆಲ್ಲ ತಿರುಗ್ತದೆ, ಡಿಸ್ಪ್ಲೇ ಇಲ್ಲ. ಪ್ರೊಸೆಸರ್ ಐ5-12400ಎಫ್.

ಅಂಗಡಿಯವರು: ಮಾನಿಟರ್ ವಯರು ಮದರ್‌ಬೋರ್ಡಿಗೆ ಚುಚ್ಚಿದ್ದೀಯಾ? ಎಫ್ ಅಂತ ಇರುವ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೇ ಹಾಕಬೇಕು. ಆದರೂ ಬಾರದಿದ್ದರೆ ಪ್ರೊಸೆಸರಿನ ಹತ್ತಿರದ 8 ಪಿನ್ ಪವರ್ ನೋಡು. ಮತ್ತೆ ಒಂದೇ ರಾಮ್ ಇಟ್ಟು, ಕ್ಲಿಪ್ ಟಕ್ ಅನ್ನುವವರೆಗೆ ಒತ್ತು.

ಕುಂಬಳೆಯ ಹುಡುಗ: ಬಂತಣ್ಣ! ಮದರ್‌ಬೋರ್ಡಿಗೇ ಹಾಕಿದ್ದೆ.

ನೀರ್ಚಾಲಿನ ಅಕ್ಕ: ಪ್ರತಿ ಸಲ ಆನ್ ಮಾಡುವಾಗ ತಾರೀಕು ಹಿಂದೆ ಹೋಗ್ತದೆ.

ಅಂಗಡಿಯವರು: ಬೋರ್ಡಿನ ಸಿಆರ್2032 ಸೆಲ್ ಬದಲಿಸಿ ಅಕ್ಕ.

ಮುಳ್ಳೇರಿಯದ ಸದಸ್ಯ: ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತೆಗೊಳ್ಬಹುದಾ?

ಪೆರ್ಲದ ಮಾಷ್ಟ್ರು: ಪಿಸಿಯ ಕ್ಯಾಬಿನೆಟ್ (ಹೊರಗಿನ ಲೋಹದ ಪೆಟ್ಟಿಗೆ) ಮುಟ್ಟಿದರೆ ಜುಂ ಅಂತಿತ್ತು. ಮನೆಯಲ್ಲಿ ಅರ್ತಿಂಗ್ ಇಲ್ಲ. ಯಾರೋ ಫಾರ್ವರ್ಡ್ ಮಾಡಿದ ವಿಡಿಯೋ ನೋಡಿ ಪ್ಲಗ್ ಪಾಯಿಂಟಿನ ಒಳಗೆ ನ್ಯೂಟ್ರಲ್‌ನಿಂದ (ಕರೆಂಟು ವಾಪಸ್ ಹೋಗುವ ವಯರು) ಅರ್ತ್ ಪಿನ್ನಿಗೆ ಒಂದು ತುಂಡು ವಯರು ಹಾಕಿಸಿದೆ. ಜುಂ ನಿಂತಿತು. ಈಗ ತೋಟದ ಪಂಪು ಹಾಕಿದರೆ ಲೈಟು ಮಂಕಾಗ್ತದೆ, ಪಿಸಿ ರೀಸ್ಟಾರ್ಟ್ ಆಗ್ತದೆ, ಕ್ಯಾಬಿನೆಟ್ ಮುಟ್ಟಿದರೆ ಮೊದಲಿಗಿಂತ ಜೋರು ಹೊಡೀತದೆ. ಎಸ್‌ಎಂಪಿಎಸ್ (ಪಿಸಿಗೆ ಪವರ್ ಕೊಡುವ ಪೆಟ್ಟಿಗೆ) ಹಾಳಾಯಿತಾ?

ಅಂಗಡಿಯವರು: ಮಾಷ್ಟ್ರೇ, ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಆ ಪ್ಲಗ್ ಕಿತ್ತಿಡಿ. ಆಮೇಲೆ ಇದನ್ನು ಓದಿ.

ಮೊದಲು ಆಗುತ್ತಿದ್ದ ಜುಂ ಬೇರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ಟಿಗೆ ಸೇರಿರುತ್ತವೆ. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನಲ್ಲಿ 230ರ ಅರ್ಧ, ಸುಮಾರು 115 ವೋಲ್ಟ್ ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಹಾಗಾಗಿ ಬರೀ ಜುಂ.

ಈಗಿನದ್ದು ಹಾಗಲ್ಲ. ಪಂಪು ಹಾಕಿದಾಗ ಲೈಟು ಮಂಕಾಗುದು, ಕ್ಯಾಬಿನೆಟ್ ಹೊಡೆಯುದು ಎರಡೂ ಒಟ್ಟಿಗೆ ಆದರೆ ನನಗೆ ಕಾಣುವುದು ಒಂದೇ: ಎಲ್ಲೋ ನ್ಯೂಟ್ರಲ್ ಜಾಯಿಂಟ್ ಸಡಿಲ. ಪಂಪಿನ ಕರೆಂಟು ಆ ಸಡಿಲ ಜಾಯಿಂಟ್ ದಾಟಲು ತಿಣುಕುವಾಗ ಮನೆಯೊಳಗಿನ ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಏರುತ್ತದೆ. ನಿಮ್ಮ ತುಂಡು ವಯರು ಅದನ್ನು ನೇರ ಕ್ಯಾಬಿನೆಟ್ಟಿಗೆ ತರುತ್ತದೆ. ತೆಂಗಿನ ಮಡಲು ಬಿದ್ದು ಕಂಬದಿಂದ ಬರುವ ನ್ಯೂಟ್ರಲ್ ಪೂರಾ ತುಂಡಾದರೆ, ಫ್ಯಾನು ಫ್ರಿಜ್ಜಿನ ಮೂಲಕ ಬಂದ 230 ವೋಲ್ಟ್ ಕ್ಯಾಬಿನೆಟ್ಟಿನ ಮೇಲೆ ಕೂತಿರುತ್ತದೆ. ಪ್ಲಗ್ ಪಾಯಿಂಟಿನ ಸ್ವಿಚ್ ಆಫ್ ಇದ್ದರೂ ಕೂತಿರುತ್ತದೆ. ಬರಿಗಾಲಲ್ಲಿ ಮಕ್ಕಳು ಯುಎಸ್‌ಬಿ ಚುಚ್ಚಲು ಕೈ ಹಾಕುವುದು ಅಲ್ಲಿಗೇ.

ವಯರ್‌ಮ್ಯಾನ್ ಕರೆದು ತುಂಡು ತೆಗೆಸಿ. ಮೀಟರ್ ಬೋರ್ಡಿನ ನ್ಯೂಟ್ರಲ್ ಬಿಗಿ ಮಾಡಿಸಿ. ಕಂಬದ ಕಡೆಯದ್ದಾದರೆ ಕರೆಂಟಿನ ದೂರು ಹೇಳುವ 1912ಕ್ಕೆ ಫೋನ್ ಮಾಡಿ. ಸರಿಯಾದ ಅರ್ತ್ ಹಾಕಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ನಮ್ಮ ಮುರಕಲ್ಲು ಬೇಸಿಗೆಯಲ್ಲಿ ಒಣಗಿ ಅರ್ತ್ ಸೋಲುತ್ತದೆ, ಮಾರ್ಚಿನಿಂದ ಮಳೆ ಬರುವವರೆಗೆ ಅರ್ತ್ ಗುಂಡಿಗೆ ನೀರು ಹಾಕ್ತಾ ಇರಿ.

ಉಪ್ಪಳದ ಸದಸ್ಯ: ಫಾರ್ವರ್ಡ್ ಬಂದದ್ದು: ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಸಾಕು. ಮಳೆಗಾಲಕ್ಕೆ ಬೋರ್ಡನ್ನು ಹೇರ್ ಡ್ರೈಯರಿನಲ್ಲಿ ಕಾಯಿಸಿ.

ಅಂಗಡಿಯವರು: ಟೂತ್‌ಪೇಸ್ಟ್ ಒಣಗಿ ಸುಣ್ಣವಾಗ್ತದೆ, ಆಮೇಲೆ ಪ್ರೊಸೆಸರ್ ಬೇಯ್ತದೆ. ಮಾಷ್ಟ್ರ ಮನೆಗೆ ಅಪಾಯ ಬಂದದ್ದೂ ಫಾರ್ವರ್ಡಿನಿಂದಲೇ. ದಯವಿಟ್ಟು ಇಲ್ಲಿ ಹಾಕಬೇಡಿ.

ಮಂಜೇಶ್ವರದ ಸದಸ್ಯ: ನಾನು ಐಟಿಐ ಕಲಿತವ. ಟ್ರಾನ್ಸ್‌ಫಾರ್ಮರಿನಲ್ಲೇ ನ್ಯೂಟ್ರಲ್ ಅರ್ತಿಗೆ ಸೇರಿರ್ತದೆ. ಮನೆಯಲ್ಲಿ ಸೇರಿಸಿದರೆ ಎಂತ ತಪ್ಪು? ನಮ್ಮಲ್ಲಿ ಹತ್ತು ವರ್ಷದಿಂದ ಹಾಗೆಯೇ ಉಂಟು.

ಉಪ್ಪಳದ ಸದಸ್ಯ: ಹೌದು, ಇವರು ಸುಮ್ಮನೆ ಹೆದರಿಸ್ತಾರೆ.

ನೀರ್ಚಾಲಿನ ಅಕ್ಕ: ಮಕ್ಕಳಿರುವ ಮನೆಯ ವಿಷಯ ಅದು. ನಿಮಗೆ ಹಗುರವಾ?

ಉಪ್ಪಳದ ಸದಸ್ಯ: ನಿಮ್ಮ ಹತ್ತಿರ ಕೇಳಲಿಲ್ಲ.

ಅಂಗಡಿಯವರು: ಟ್ರಾನ್ಸ್‌ಫಾರ್ಮರಿನಲ್ಲಿ ಸೇರಿರುವುದು ನಿಜ. ಆದರೆ ಕಂಬದಿಂದ ನಿಮ್ಮ ಪ್ಲಗ್ಗಿನವರೆಗೆ ಹತ್ತು ಕಡೆ ಜಾಯಿಂಟ್ ಉಂಟು. ಒಂದು ಬಿಟ್ಟರೆ ಆ ನ್ಯೂಟ್ರಲ್ ನ್ಯೂಟ್ರಲ್ ಆಗಿ ಉಳಿಯುವುದಿಲ್ಲ. ಹತ್ತು ವರ್ಷ ನಿಮ್ಮಲ್ಲಿ ಬಿಡಲಿಲ್ಲ, ಅಷ್ಟೇ. ನಿಮ್ಮದನ್ನೂ ಇವತ್ತೇ ತೆಗೆಸಿ.

ಮಂಜೇಶ್ವರದ ಸದಸ್ಯ: ಕಂಪ್ಯೂಟರಿನವರು ಕಂಪ್ಯೂಟರ್ ನೋಡಿದರೆ ಸಾಕು.

ಬೋವಿಕ್ಕಾನದ ಸದಸ್ಯ: ಡಿಸ್ಪ್ಲೇ ಬರುದಿಲ್ಲ, ಫ್ಯಾನ್ ತಿರುಗ್ತದೆ.

ಅಂಗಡಿಯವರು: ಮೇಲೆ ಬರೆದಿದ್ದೇನೆ.

ಬೋವಿಕ್ಕಾನದ ಸದಸ್ಯ: ಎಲ್ಲಿ?

ಅಂಗಡಿಯವರು: ಮೇಲೆ.

ಮುಳ್ಳೇರಿಯದ ಸದಸ್ಯ: ನನ್ನ ಕಾರ್ಡಿನ ವಿಷಯ ಯಾರೂ ಹೇಳಲಿಲ್ಲ.

ಅಂಗಡಿಯವರು: ಮಾಷ್ಟ್ರೇ, ಮೈನ್ ಆಫ್ ಮಾಡಿದಿರಾ? ಒಂದು ಗಂಟೆ ಆಯಿತು.

ಪೆರ್ಲದ ಮಾಷ್ಟ್ರು: ಆಗಲೇ ಆಫ್ ಮಾಡಿದೆ. ನೆರೆಮನೆಯ ವಯರ್‌ಮ್ಯಾನ್ ಈಗ ಪಾಯಿಂಟ್ ಬಿಚ್ಚಿದ. ಬೆರಳುದ್ದದ ಕಪ್ಪು ವಯರು, ಒಂದು ತುದಿಯ ಪ್ಲಾಸ್ಟಿಕ್ ಕರಗಿದೆ. ಮೀಟರ್ ಬೋರ್ಡಿನ ನ್ಯೂಟ್ರಲ್ ಸ್ಕ್ರೂ ಕೈಯಲ್ಲೇ ತಿರುಗಿತು. ಸಂಜೆ ಮಗಳು ಅದರ ಎದುರೇ ಕೂತಿದ್ದಳು.

ಅಂಗಡಿಯವರು: ಅರ್ತ್ ಆಗುವವರೆಗೆ ಆ ಪಿಸಿ ಆನ್ ಮಾಡಬೇಡಿ. ನಾಳೆ ಹತ್ತು ಗಂಟೆಗೆ ವೋಲ್ಟ್ ನೋಡುವ ಮೀಟರ್ ಹಿಡಿದು ನಾನೇ ಬರ್ತೇನೆ.