ಬಿಲ್‌ಬೋರ್ಡ್ ಪಟ್ಟಿಯಲ್ಲಿ ಬೊಂಬೆಗಳ ಹಾಡು: ಹಳೆ ಸಂಚಿಕೆಯಲ್ಲಿ ಖಚಿತಪಡಿಸಿಕೊಳ್ಳುವುದು ಹೇಗೆ?

ಸೂತ್ರದಬೊಂಬೆ:
ಅಮೆರಿಕದ ಬೊಂಬೆಯಾಟಗಾರ ಜಿಮ್ ಹೆನ್ಸನ್ ಅವರ ಮಪೆಟ್ ಬೊಂಬೆಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100ರಲ್ಲಿ (ವಾರವಾರದ ಜನಪ್ರಿಯ ನೂರು ಹಾಡುಗಳ ಪಟ್ಟಿ) ಬೊಂಬೆ ಪಾತ್ರದ ಹೆಸರಿನಲ್ಲೇ ಹಾಡುಗಳು ಬಂದಿವೆ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಸ್ಥಾನ ಮಾತ್ರ ಒಬ್ಬೊಬ್ಬರದು ಒಂದೊಂದು. ಯಾವುವು ನಿಜ? ಮೂಲ ಸಂಚಿಕೆ ನೋಡಿ ತಿಳಿಯುವ ದಾರಿ ಯಾವುದು?

ಹಳೆರೆಕಾರ್ಡು:
ಮುಖ್ಯವಾದವು ಎರಡು. ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನ ಬೊಂಬೆ ಅರ್ನಿ ಹಾಡಿದ 'ರಬ್ಬರ್ ಡಕಿ' 1970ರಲ್ಲಿ 16ನೇ ಸ್ಥಾನ ಮುಟ್ಟಿತು. ಜೆಫ್ ಮಾಸ್ ಬರೆದದ್ದು, ಕೊಲಂಬಿಯಾ ರೆಕಾರ್ಡ್ಸ್. ಕರ್ಮಿಟ್ ಕಪ್ಪೆಯ 'ರೇನ್‌ಬೋ ಕನೆಕ್ಷನ್' 1979ರಲ್ಲಿ 25ಕ್ಕೆ ಬಂತು. ಪಾಲ್ ವಿಲಿಯಮ್ಸ್ ಮತ್ತು ಕೆನ್ನಿ ಆಷರ್ ಸೇರಿ ಬರೆದದ್ದು. ಎರಡಕ್ಕೂ ದನಿ ಹೆನ್ಸನ್ ಅವರದೇ.

ಗೊಂದಲ ಶುರುವಾಗುವುದೇ ಇಲ್ಲಿ. ಪಾತ್ರದ ಹೆಸರು ಮುಂದೆ, ಹೆನ್ಸನ್ ಹೆಸರು ಆವರಣದಲ್ಲಿ ಕೊಡುವ ರೂಢಿ ಇರುವುದರಿಂದ ಈಗಿನ ದತ್ತಾಂಶ ತಾಣಗಳಲ್ಲಿ ಒಂದು ಹಾಡು 'ಅರ್ನಿ' ಕೆಳಗೆ ಸಿಗುತ್ತದೆ, ಇನ್ನೊಂದು 'ಕರ್ಮಿಟ್' ಕೆಳಗೆ, ಕೆಲವು ಕಡೆ ಎರಡೂ 'ಮಪೆಟ್ಸ್' ಕೆಳಗೆ. ಕಲಾವಿದರ ಹೆಸರಿನಿಂದ ಹುಡುಕಬೇಡಿ, ಹಾಡಿನ ಹೆಸರಿನಿಂದ ಹುಡುಕಿ.

ಬ್ರಿಟನ್ನಿನ ಅಂಕಿಗಳನ್ನೂ ಇದರೊಳಗೆ ಬೆರೆಸಬೇಡಿ. ಮಪೆಟ್ ಶೋ ಆಲ್ಬಂ 1977ರಲ್ಲಿ ಒಂದನೇ ಸ್ಥಾನಕ್ಕೇರಿದ್ದು, ಜೆರ್ರಿ ನೆಲ್ಸನ್ ದನಿಯಲ್ಲಿ ಪುಟ್ಟ ಕಪ್ಪೆ ರಾಬಿನ್ ಹಾಡಿದ್ದು 7ಕ್ಕೆ ಬಂದದ್ದು, ಎರಡೂ ಅಲ್ಲಿನ ಪಟ್ಟಿಗಳಲ್ಲಿ. ಅವನ್ನು ಅಚ್ಚು ಹಾಕುತ್ತಿದ್ದ ವ್ಯಾಪಾರ ಪತ್ರಿಕೆ ಮ್ಯೂಸಿಕ್ ವೀಕ್, ಬಿಲ್‌ಬೋರ್ಡ್ ಅಲ್ಲ. ಅಮೆರಿಕದಲ್ಲೇ ಕ್ಯಾಶ್ ಬಾಕ್ಸ್, ರೆಕಾರ್ಡ್ ವರ್ಲ್ಡ್ ಎಂಬ ಪ್ರತಿಸ್ಪರ್ಧಿ ಪತ್ರಿಕೆಗಳೂ ಇದ್ದವು. ಅವುಗಳ ಲೆಕ್ಕವೇ ಬೇರೆ. ನೀವು ನೋಡಿದ 'ಒಬ್ಬೊಬ್ಬರದು ಒಂದೊಂದು' ಸ್ಥಾನಕ್ಕೆ ಬಹುಪಾಲು ಕಾರಣ ಇದೇ ಇರಬೇಕು.

ಪುಟತಿರುವು:
ಸಂಚಿಕೆ ನೋಡುವ ಕ್ರಮ ಹೇಳುತ್ತೇನೆ. ಗೂಗಲ್ ಬುಕ್ಸ್‌ನಲ್ಲಿ 1940ರ ದಶಕದಿಂದ ಈಚಿನ ಬಿಲ್‌ಬೋರ್ಡ್‌ನ ಬಹಳಷ್ಟು ಸಂಚಿಕೆಗಳು ಪೂರ್ತಿ ತೆರೆದಿವೆ. ವರ್ಲ್ಡ್ ರೇಡಿಯೋ ಹಿಸ್ಟರಿ ತಾಣದಲ್ಲಿ ಪಿಡಿಎಫ್ ಸಿಗುತ್ತದೆ. 'ರಬ್ಬರ್ ಡಕಿ'ಗೆ 1970ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಸಂಚಿಕೆಗಳನ್ನು ಸಾಲಾಗಿ ತೆಗೆಯಿರಿ. ಹುಡುಕು ಪೆಟ್ಟಿಗೆಯನ್ನು ನಂಬಬೇಡಿ. ಪಟ್ಟಿಯ ಅಕ್ಷರ ತೀರ ಸಣ್ಣದು, ಯಂತ್ರ ಅದನ್ನು ತಪ್ಪಾಗಿ ಓದಿರುತ್ತದೆ. ಪುಟ ತಿರುವಿಯೇ ಹಾಟ್ 100ಕ್ಕೆ ಹೋಗಬೇಕು. ಆ ಪುಟದ ಅಡಿಯಲ್ಲಿ ಹಾಡುಗಳ ಅಕಾರಾದಿ ಪಟ್ಟಿಯೂ ಇರುತ್ತದೆ. ಮೊದಲು ಅಲ್ಲಿ ಕಣ್ಣಾಡಿಸಿದರೆ ನೂರು ಸಾಲು ಓದುವ ಕೆಲಸ ತಪ್ಪುತ್ತದೆ.

ಪ್ರತಿ ಸಾಲಿನಲ್ಲಿ ಈ ವಾರದ ಸ್ಥಾನ, ಹಿಂದಿನ ವಾರಗಳ ಸ್ಥಾನ, ಪಟ್ಟಿಯಲ್ಲಿ ಎಷ್ಟು ವಾರ ಎಂಬುದು, ನಿರ್ಮಾಪಕರು, ಕಂಪನಿ, ರೆಕಾರ್ಡ್ ಸಂಖ್ಯೆ ಇರುತ್ತವೆ. ಸ್ಥಾನದ ಸುತ್ತ ನಕ್ಷತ್ರವಿದ್ದರೆ ಆ ವಾರ ಹಾಡು ಜೋರಾಗಿ ಮೇಲೇರಿತು ಎಂದಷ್ಟೇ ಅರ್ಥ, ಅದೇ ಶಿಖರ ಅಂತ ಅಲ್ಲ. ಶಿಖರ ತಿಳಿಯಬೇಕಾದರೆ ಹಾಡು ಕೆಳಗಿಳಿಯಲು ತೊಡಗಿದ ಮೇಲೂ ಎರಡು ವಾರ ಮುಂದಕ್ಕೆ ನೋಡಿ. ಹೊದಿಕೆಯ ಮೇಲಿನ ದಿನಾಂಕ ಪತ್ರಿಕೆ ಅಂಗಡಿಗೆ ಬಂದ ದಿನಕ್ಕಿಂತ ಮುಂದಿನದು. ಲೆಕ್ಕಕ್ಕೆ ಹಿಡಿದ ಮಾರಾಟ ಅದಕ್ಕೂ ಹಿಂದಿನದು. ಹಾಗಾಗಿ 'ಈ ದಿನ 16ನೇ ಸ್ಥಾನದಲ್ಲಿತ್ತು' ಎನ್ನದೆ 'ಈ ದಿನಾಂಕದ ಸಂಚಿಕೆಯಲ್ಲಿ' ಎಂದು ಬರೆಯುವುದು ಸರಿ.

ಸೂತ್ರದಬೊಂಬೆ:
ತುಂಬ ಉಪಕಾರವಾಯಿತು. 1958ರ ಚಿಪ್‌ಮಂಕ್ ಹಾಡು (ಅಳಿಲಿನಂಥ ಪಾತ್ರಗಳ ಕೀಚಲು ದನಿಯದು) ಒಂದನೇ ಸ್ಥಾನಕ್ಕೆ ಹೋಗಿತ್ತಲ್ಲ, ಅದನ್ನೂ ಸೇರಿಸಬಹುದೇ? ಹಾಟ್ 100ಕ್ಕಿಂತ ಹಿಂದಿನ ಬೊಂಬೆಯಾಟದವರ ಸುದ್ದಿಯೂ ಬೇಕಿತ್ತು.

ಹಳೆರೆಕಾರ್ಡು:
ಚಿಪ್‌ಮಂಕ್ ಬೇಡ. ಅದು ನಿಧಾನ ವೇಗದಲ್ಲಿ ಮುದ್ರಿಸಿ, ಮಾಮೂಲು ವೇಗದಲ್ಲಿ ನುಡಿಸಿ ಎತ್ತರಿಸಿದ ದನಿ. ಬೊಂಬೆ ಆಡಿಸುವವರೇ ಪಾತ್ರದ ಗಂಟಲಲ್ಲಿ ಹಾಡಿದ್ದಲ್ಲ. ಅರ್ನಿಯ ಹಾಡಿನ ಸೊಗಸೇ ಅದು: ಟೇಪಿನ ಚಮತ್ಕಾರ ಇಲ್ಲ, ಹೆನ್ಸನ್ ದನಿ ಮತ್ತು ನಡುನಡುವೆ ಬಾತುಕೋಳಿ ಆಟಿಕೆಯ ಕೀಚಲು.

ಪುಟತಿರುವು:
ಹಳೆಯದಕ್ಕೆ ಬೇರೆ ರೀತಿ ಹುಡುಕಬೇಕು. ಬಿಲ್‌ಬೋರ್ಡ್ 1894ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಶುರುವಾದಾಗ ಭಿತ್ತಿಪತ್ರ ಅಂಟಿಸುವವರ ಪತ್ರಿಕೆ. ಆಮೇಲೆ ಸರ್ಕಸ್, ಜಾತ್ರೆ, ವಾಡೆವಿಲ್ (ಬಗೆಬಗೆಯ ಆಟಗಳ ರಂಗಪ್ರದರ್ಶನ) ನಡೆಸುವವರದಾಯಿತು. ಹೊರಾಂಗಣ ಮನರಂಜನೆಯ ಸುದ್ದಿ 1961ರಲ್ಲಿ ಅಮ್ಯೂಸ್‌ಮೆಂಟ್ ಬಿಸಿನೆಸ್ ಎಂಬ ಬೇರೆ ಪತ್ರಿಕೆಗೆ ಹೋಯಿತು, ಬಿಲ್‌ಬೋರ್ಡ್ ಸಂಗೀತಕ್ಕೆ ಸೀಮಿತವಾಯಿತು. ಅದಕ್ಕಿಂತ ಹಿಂದಿನ ಸಂಚಿಕೆಗಳಲ್ಲಿ 'ಮಪೆಟ್' ಅಂತ ಹುಡುಕಿ ಫಲವಿಲ್ಲ. 'ಮ್ಯಾರಿಯೊನೆಟ್' (ಸೂತ್ರದ ಬೊಂಬೆ), 'ಪಂಚ್ ಅಂಡ್ ಜೂಡಿ' (ಹಳೆಯ ಕೈಬೊಂಬೆಯಾಟ), 'ವೆಂಟ್ರಿಲೋಕ್ವಿಸ್ಟ್' (ತುಟಿ ಅಲುಗಿಸದೆ ಬೊಂಬೆಯನ್ನು ಮಾತಾಡಿಸುವವರು) ಹಾಕಿ. ಕೊನೆಯದನ್ನು ಬರೀ 'ವೆಂಟ್' ಎಂದೂ ಅಚ್ಚು ಹಾಕುತ್ತಿದ್ದರು. ಊರೂರು ತಿರುಗುವ ಕಲಾವಿದರಿಗೆ ಬಂದ ಟಪಾಲನ್ನು ಪತ್ರಿಕೆಯೇ ತಲುಪಿಸುತ್ತಿತ್ತು. ಕಾಗದ ಬಂದವರ ಹೆಸರುಗಳನ್ನು ಅಚ್ಚು ಹಾಕುತ್ತಿದ್ದ ಆ ಪುಟವನ್ನು ಬಿಡಬೇಡಿ. ಅಲ್ಲಿ ಕಸುಬು ನಮೂದಾಗಿರುವುದಿಲ್ಲ, ಆದ್ದರಿಂದ ಕಲಾವಿದರ ಹೆಸರು ಮೊದಲೇ ಗೊತ್ತಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ.